ಬೆಕ್ಕನ್ನು ಕಳಿಸಬೇಡಿ, ತಾಯಿ ಇಲ್ಲದ ಮರಿ ತರಬೇಡಿ

ಮನೆಯಲ್ಲಿ ಎರಡು ಬೆಕ್ಕಿವೆ, ಹಿತ್ತಲಲ್ಲಿ ಕೋಳಿ ಸಾಕುವ ಆಸೆ, ಗಾಡಿಯಲ್ಲಿ ಮರಿ ಮಾರುವವರ ಹತ್ತಿರ ಗಿರಿರಾಜ ಕೋಳಿ ಮರಿ ತರುವ ಮೊದಲು ಬೆಕ್ಕುಗಳನ್ನು ಯಾರಿಗಾದರೂ ಕೊಟ್ಟುಬಿಡಬೇಕಾ ಅಂತ ಕೇಳಿದ್ದೀರಿ. ಕೊಡಬೇಡಿ. ಇದೇ ಯೋಚನೆ ನನಗೂ ಬಂದಿತ್ತು, ಅದೂ ಮರಿಗಳನ್ನು ಕಳೆದುಕೊಂಡ ಮೇಲೆ. ನಿಧಾನಕ್ಕೆ ಕೂತು ನೋಡಿದಾಗ ತಪ್ಪು ಬೆಕ್ಕಿನದಾಗಿರಲಿಲ್ಲ.

ನಮ್ಮದು ತೀರ್ಥಹಳ್ಳಿ ಕಡೆ. ಮನೆ ಹಿಂದೆ ಕೊಟ್ಟಿಗೆ, ಅದರ ಪಕ್ಕ ಕೋಳಿ ಒಡ್ಡಿ (ಗೂಡು), ಅದರಾಚೆ ಅಡಿಕೆ ತೋಟ. ಮೊದಲಿಂದಲೂ ನಾಟಿ ಕೋಳಿ ಇದ್ದವು, ಪುಟ್ಟಿ ಅನ್ನೋ ಹೆಣ್ಣು ಬೆಕ್ಕು ಆಮೇಲೆ ಬಂತು. ನಮ್ಮ ಕೆಂಪು ಹೇಟೆ, ಅಂದರೆ ಹೆಣ್ಣು ಕೋಳಿ, ಮರಿ ಎಬ್ಬಿಸಿದ ಹೊಸತರಲ್ಲಿ ಪುಟ್ಟಿ ಒಂದು ಸಲ ಹೊಂಚು ಹಾಕಿತ್ತು. ಹೊಟ್ಟೆ ನೆಲಕ್ಕೆ ಹಚ್ಚಿ, ಬಾಲದ ತುದಿ ಮಾತ್ರ ಆಡಿಸುತ್ತಾ ಕೂತಿತ್ತು. ಹೇಟೆ ಗಂಟಲಲ್ಲೇ ಒಂದು ಸದ್ದು ಮಾಡಿತು ನೋಡಿ, ಅಲ್ಲಿ ಇಲ್ಲಿ ಕೆದಕುತ್ತಿದ್ದ ಹೂಮರಿಗಳೆಲ್ಲ ಇದ್ದಲ್ಲೇ ನೆಲಕ್ಕೆ ಅಂಟಿಕೊಂಡವು. ಒಂದೂ ಅಲ್ಲಾಡಲಿಲ್ಲ, ಒಂದೂ ಕೂಗಲಿಲ್ಲ. ಹೇಟೆ ಪುಕ್ಕ ಕೆದರಿ ಮೈ ಎರಡರಷ್ಟು ಮಾಡಿಕೊಂಡು ಸೀದಾ ಪುಟ್ಟಿಯ ಮುಖಕ್ಕೇ ಹಾರಿತು. ಕುಕ್ಕಿತು, ಕಾಲಲ್ಲಿ ಒದೆಯಿತು. ಪುಟ್ಟಿ ಕೊಟ್ಟಿಗೆ ಅಟ್ಟ ಹತ್ತಿದ್ದು ಸಂಜೆವರೆಗೂ ಇಳಿಯಲಿಲ್ಲ.

ಆಮೇಲೆ ಹೇಟೆ ಎದುರು ಬಂದರೆ ಪುಟ್ಟಿಯೇ ಸುತ್ತು ಹಾಕಿ ಹೋಗುತ್ತಿತ್ತು. ಮರಿಗಳು ಅದರ ಮಗ್ಗುಲಲ್ಲೇ ಮೇಯುತ್ತಿದ್ದರೂ ಕಣ್ಣು ಮುಚ್ಚಿ ಮಲಗಿರುತ್ತಿತ್ತು. ನಾನು ಫೋಟೋ ತೆಗೆದು ಎಲ್ಲರಿಗೂ ಕಳಿಸಿದೆ. ನಮ್ಮ ಬೆಕ್ಕು ಎಷ್ಟು ಸಾಧು, ಕೋಳಿ ಜೊತೆ ಹೇಗೆ ಹೊಂದಿಕೊಂಡಿದೆ ಅಂತ. ಅಮ್ಮ ಮಾತ್ರ, "ಅದು ಹೇಟೆಗೆ ಹೆದರಿ ಸುಮ್ನಿರೋದು ಕಣೋ, ಮರಿ ಮೇಲಿನ ಪ್ರೀತಿಗಲ್ಲ" ಅಂದರು. ಆ ಮಾತು ನನಗೆ ಆಗ ತಲೆಗೆ ಹೋಗಲಿಲ್ಲ.

ಮುಂದಿನ ಮಳೆಗಾಲಕ್ಕೆ ಗಿರಿರಾಜ ತಂದೆ. ಹೆಬ್ಬಾಳದ ಪಶುವೈದ್ಯ ಕಾಲೇಜಿನವರು ಹಿತ್ತಲಲ್ಲಿ ಸಾಕಲಿಕ್ಕೆ ಅಂತಲೇ ಮಾಡಿದ ತಳಿ ಅದು, ಬೇಗ ತೂಕ ಬರುತ್ತದೆ, ನಾಟಿಗಿಂತ ಜಾಸ್ತಿ ಮೊಟ್ಟೆ ಇಡುತ್ತದೆ. ಆದರೆ ಕಾವಿಗೆ ಕೂರುವ ಗುಣ ಇಲ್ಲ ಅನ್ನಬಹುದು, ಹಾಗಾಗಿ ಮರಿಗಳೆಲ್ಲ ಮಷಿನ್ನಿನಲ್ಲಿ ಆದವು. ತಾಯಿ ಮುಖವನ್ನೇ ನೋಡದ ಮರಿಗಳು. ರಟ್ಟಿನ ಪೆಟ್ಟಿಗೆಯಲ್ಲಿ ಹೊಟ್ಟು ಹರಡಿ, ಮೇಲೆ ಬಲ್ಬ್ ಕಟ್ಟಿ, ಜಗಲಿಯಲ್ಲಿ ಇಟ್ಟೆ. ಪೆಟ್ಟಿಗೆ ಮೇಲೆ ಆರು ಮೂಲೆ ಕಣ್ಣಿನ ಮಾಮೂಲಿ ಕೋಳಿ ಜಾಲರಿ ಹೊದಿಸಿ, ನಾಲ್ಕು ಕಡೆ ಕಲ್ಲು ಇಟ್ಟೆ. ಸಾಕು ಅಂದುಕೊಂಡೆ. ಪುಟ್ಟಿ ಜಗಲಿಯ ಇನ್ನೊಂದು ತುದಿಯಲ್ಲಿ ಗೋಣಿ ಮೇಲೆ ಮಲಗಿತ್ತು, ಅದನ್ನು ಒಳಗೆ ಕೂಡಬೇಕು ಅಂತಲೂ ಅನ್ನಿಸಲಿಲ್ಲ. ಹೋದ ವರ್ಷ ಮರಿ ಮುಟ್ಟದ ಬೆಕ್ಕು ಈ ವರ್ಷ ಯಾಕೆ ಮುಟ್ಟೀತು?

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನೀವು ಮಾಡಲು ಹೊರಟಿರುವುದೂ ಇದನ್ನೇ.

ರಾತ್ರಿ ಮಳೆಗೆ ಕರೆಂಟ್ ಹೋಯಿತು. ಬಲ್ಬ್ ಆರಿತು. ಮೊದಲ ವಾರದ ಮರಿಗೆ 35 ಡಿಗ್ರಿಯಷ್ಟು ಬಿಸಿ ಬೇಕು, ಮೈಯಲ್ಲಿ ಬರೀ ತುಪ್ಪಳ, ಚಳಿ ತಡೆಯುವ ಪುಕ್ಕ ಇನ್ನೂ ಬಂದಿರುವುದಿಲ್ಲ. ಚಳಿಯಾದ ಕೂಡಲೇ ಅವು ಜೋರಾಗಿ ಕೂಗಲು ಶುರು ಮಾಡುತ್ತವೆ, ತಾಯಿಯನ್ನು ಕರೆಯುವ ಕೂಗು ಅದು. ತಾಯಿ ಇದ್ದಿದ್ದರೆ ರೆಕ್ಕೆ ಅಡಿ ಹೊಕ್ಕು ಸುಮ್ಮನಾಗುತ್ತಿದ್ದವು. ಇಲ್ಲಿ ಕೂಗು ನಿಲ್ಲಲಿಲ್ಲ, ಓಡಾಟವೂ ನಿಲ್ಲಲಿಲ್ಲ. ಕತ್ತಲಲ್ಲಿ ಸಣ್ಣ ದನಿಯಲ್ಲಿ ಕೂಗುತ್ತಾ ಗಡಬಡ ಓಡುವ ಪ್ರಾಣಿ ಅಂದರೆ ಬೆಕ್ಕಿಗೆ ಏನು ಹೇಳಿ? ಇಲಿ. ಅದು ಹೊಟ್ಟೆ ತುಂಬ ಅನ್ನ ಮೀನು ತಿಂದೇ ಮಲಗಿತ್ತು. ಬೇಟೆಗೆ ಹಸಿವೇ ಆಗಬೇಕು ಅಂತಿಲ್ಲ, ಹೊಟ್ಟೆ ತುಂಬಿದ ಬೆಕ್ಕೂ ಓಡುವುದನ್ನು ಹಿಡಿಯುತ್ತದೆ.

ಪುಟ್ಟಿ ಜಾಲರಿ ಮೇಲೆ ಹತ್ತಿ ಕೂತಿತ್ತು. ಅದರ ತೂಕಕ್ಕೆ ಜಾಲರಿ ಜೋತು ಬಿದ್ದು ಮರಿಗಳಿಗೆ ಇನ್ನೂ ಹತ್ತಿರವಾಗಿತ್ತು. ಆ ಜಾಲರಿ ಕಣ್ಣಲ್ಲಿ ಮರಿ ಹೊರಗೆ ಬರುವುದಿಲ್ಲ ನಿಜ, ಆದರೆ ಬೆಕ್ಕಿನ ಮುಂಗಾಲು ಭುಜದವರೆಗೂ ಒಳಗೆ ಹೋಗುತ್ತದೆ. ಉಗುರು ಸಿಕ್ಕಿಸಿ ಎಳೆದಿದೆ. ಮರಿ ಮೇಲೆ ಬಂದಿಲ್ಲ, ಅಲ್ಲೇ ಬಿಟ್ಟು ಇನ್ನೊಂದಕ್ಕೆ ಕೈ ಹಾಕಿದೆ. ಬೆಳಿಗ್ಗೆ ನೋಡಿದರೆ ತಿಂದದ್ದು ಒಂದೂ ಇಲ್ಲ. ಕೆಲವಕ್ಕೆ ಉಗುರಿನ ಗಾಯ. ಅದಕ್ಕಿಂತ ಜಾಸ್ತಿ ಸತ್ತವು ಮೂಲೆಯಲ್ಲಿ, ಹೆದರಿ ಒಂದರ ಮೇಲೊಂದು ಬಿದ್ದು, ಅಡಿಯಲ್ಲಿದ್ದವು ಉಸಿರು ಕಟ್ಟಿ. ಗಾಯದ ಗುರುತೇ ಇಲ್ಲದ ಮರಿಗಳನ್ನು ಕೈಯಲ್ಲಿ ಹಿಡಿದು ತುಂಬ ಹೊತ್ತು ಕೂತಿದ್ದೆ. ಬದುಕಿದ್ದ ಒಂದಕ್ಕೆ ರೆಕ್ಕೆ ಬುಡದಲ್ಲಿ ಸೂಜಿ ಚುಚ್ಚಿದಷ್ಟು ತೂತು, ಅರಿಶಿನ ಹಚ್ಚಿ ಬಿಟ್ಟೆ. ಅದೂ ಉಳಿಯಲಿಲ್ಲ. ಬೆಕ್ಕಿನ ಬಾಯಲ್ಲಿ, ಅದು ನೆಕ್ಕುವ ಉಗುರಲ್ಲಿ ಇರುವ ಬ್ಯಾಕ್ಟೀರಿಯಾ ಹಕ್ಕಿಗಳ ರಕ್ತಕ್ಕೆ ಸೇರಿದರೆ ಬೇಗ ಕೊಲ್ಲುತ್ತದೆ. ಬೆಕ್ಕು ಕಚ್ಚಿದ, ಪರಚಿದ ಕೋಳಿಯನ್ನು ಗಾಯ ಸಣ್ಣದು ಅಂತ ಬಿಡದೆ ಅವತ್ತೇ ಪಶು ಆಸ್ಪತ್ರೆಗೆ ಒಯ್ಯಬೇಕು ಅನ್ನುವುದು ನನಗೆ ಆಮೇಲೆ ಗೊತ್ತಾದದ್ದು.

ಹಾಗಾಗಿ "ನನ್ನ ಬೆಕ್ಕು ಸಾಧು, ಏನೂ ಮಾಡಲ್ಲ ಅನ್ನಿಸುತ್ತೆ" ಅಂತ ಬರೆದಿದ್ದೀರಲ್ಲ, ಆ ಲೆಕ್ಕವನ್ನೇ ಬಿಡಿ. ನಮ್ಮ ಹಿತ್ತಲಲ್ಲಿ ಮರಿಗಳನ್ನು ಉಳಿಸಿದ್ದು ಹೇಟೆ. ಬೆಕ್ಕಿಗೆ ತರಬೇತಿ, ಪರಿಚಯ ಮಾಡಿಸುವುದು, ಮೂಸಿ ನೋಡಲು ಬಿಡುವುದು, ಇದರ ಮೇಲೆಲ್ಲ ನನಗೆ ನಂಬಿಕೆ ಇಲ್ಲ.

ದೊಡ್ಡ ಕೋಳಿಗಳ ಬಗ್ಗೆ ನಿಮಗೆ ಚಿಂತೆ ಬೇಡ. ಒಂದೂವರೆ ಎರಡು ಕೆಜಿ ಹೇಟೆಯ ತಂಟೆಗೆ ಮನೆ ಬೆಕ್ಕು ಸಾಮಾನ್ಯವಾಗಿ ಹೋಗುವುದಿಲ್ಲ, ಹುಂಜ ಇದ್ದರಂತೂ ಹತ್ತಿರವೂ ಸುಳಿಯುವುದಿಲ್ಲ. ಬೆಳಿಗ್ಗೆ ಒಡ್ಡಿಯಲ್ಲಿ ದೊಡ್ಡ ಕೋಳಿ ಕುತ್ತಿಗೆ ಹರಿದು ಬಿದ್ದಿದ್ದರೆ ಮನೆ ಬೆಕ್ಕಿನ ಮೇಲೆ ಗೂಬೆ ಕೂರಿಸಬೇಡಿ. ಕಾಡುಬೆಕ್ಕು ಅಥವಾ ಬೀದಿನಾಯಿ ಇರಬಹುದು. ಕತ್ತಲಾಗುವ ಮೊದಲು ಒಡ್ಡಿ ಬಾಗಿಲು ಹಾಕುವುದು ಒಂದೇ ಅದಕ್ಕೆ ಮದ್ದು. ಮತ್ತೆ ಕೊಕ್ಕರೆ ರೋಗದ (ರಾಣಿಖೇತ್) ಲಸಿಕೆ ಮರಿಗಳಿಗೆ ಮೊದಲ ವಾರದಲ್ಲೇ ಹಾಕಿಸಿ. ಆ ರೋಗ ಬಂದರೆ ಒಡ್ಡಿಗೆ ಒಡ್ಡಿಯೇ ಖಾಲಿ, ಬೆಕ್ಕು ಅದರ ಮುಂದೆ ಏನೂ ಅಲ್ಲ.

ಬೆಕ್ಕನ್ನು ಕಳಿಸಿದರೆ ಏನಾಗುತ್ತೆ ಅಂತಲೂ ಯೋಚಿಸಿ. ಕೋಳಿ ಇದ್ದಲ್ಲಿ ನುಚ್ಚು ಚೆಲ್ಲುತ್ತದೆ, ನುಚ್ಚು ಇದ್ದಲ್ಲಿ ಇಲಿ ಬರುತ್ತದೆ, ಇಲಿ ಹಿಂದೆ ಹಾವು ಬರುತ್ತದೆ. ಕೇರೆ ಹಾವು ಮೊಟ್ಟೆ ಮರಿ ಎರಡನ್ನೂ ಬಿಡುವುದಿಲ್ಲ, ಹೆಗ್ಗಣ ಪೆಟ್ಟಿಗೆ ಕೊರೆದು ಮರಿ ಎಳೆಯುತ್ತದೆ. ಬಲಿತ ಹೆಗ್ಗಣದ ಎದುರು ಬೆಕ್ಕೂ ಹಿಂದೆ ಸರಿಯುತ್ತದೆ ಅನ್ನಿ, ಆದರೆ ಇಲಿ ಕಾಟ ತಡೆಯಲು ಅದು ಬೇಕೇ ಬೇಕು. ನಿಮ್ಮ ಎರಡೂ ಬೆಕ್ಕಿಗೆ ಮರಿಯಾಗದ ಹಾಗೆ ಆಪರೇಷನ್ ಮಾಡಿಸಿಬಿಡಿ. ಇಲ್ಲದಿದ್ದರೆ ಬೆದೆಗೆ ಊರ ಮಾಳಬೆಕ್ಕುಗಳೆಲ್ಲ ನಿಮ್ಮ ಹಿತ್ತಲಿಗೆ ಬರುತ್ತವೆ, ಅವಕ್ಕೆ ನಿಮ್ಮ ಹೇಟೆಯ ಭಯ ಇರುವುದಿಲ್ಲ.

ಇನ್ನೊಂದು ವಿಷಯ, ಇದನ್ನು ಯಾರೂ ಹೇಳುವುದಿಲ್ಲ. ಕೋಳಿ ಕೊಯ್ದಾಗ ಹಸಿ ಕರುಳು, ತಲೆ ಬೆಕ್ಕಿಗೆ ಎಸೆಯುವುದು ನಮ್ಮಲ್ಲಿ ಮಾಮೂಲು. ನಿಲ್ಲಿಸಿ. 2025ರ ಆರಂಭದಲ್ಲಿ ಮಧ್ಯಪ್ರದೇಶದ ಛಿಂದ್ವಾಡದಲ್ಲಿ ಸಾಕು ಬೆಕ್ಕುಗಳಲ್ಲೇ ಎಚ್5ಎನ್1 ಹಕ್ಕಿಜ್ವರ ಪತ್ತೆಯಾಯಿತು. ಕೊಡುವುದಾದರೆ ಬೇಯಿಸಿ ಕೊಡಿ, ಕಾಯಿಲೆ ಬಂದು ಸತ್ತ ಕೋಳಿಯನ್ನಂತೂ ಬೆಕ್ಕಿಗೆ ಸಿಗದ ಹಾಗೆ ಆಳವಾಗಿ ಹೂಳಿ. ಕೋಳಿ ಮಣ್ಣಾಡುವ ಸಡಿಲ ಮಣ್ಣಿನಲ್ಲಿ ಬೆಕ್ಕು ಹೇಲುತ್ತದೆ, ಅದನ್ನು ದಿನಾ ತೆಗೆಯಬೇಕು, ಮನೆಯಲ್ಲಿ ಬಸುರಿಯರಿದ್ದರೆ ಆ ಕೆಲಸ ಅವರಿಗೆ ಬೇಡ.

ಗಿರಿರಾಜವೇ ಬೇಕು ಅಂದರೆ ನಾನು ಈಗ ಮಾಡುವುದು ಹೀಗೆ. ಮೊದಲು ಮರಿ ತರುವುದಿಲ್ಲ, ಕಾವಿಗೆ ಕೂತ ನಾಟಿ ಹೇಟೆ ನೋಡಿಕೊಳ್ಳುತ್ತೇನೆ. ಕಾವು 21 ದಿನ. ಅದು ಮುಗಿಯುವ ಹೊತ್ತಿಗೆ, ಆಗಷ್ಟೇ ಹುಟ್ಟಿದ ಮರಿಗಳನ್ನು ತಂದು, ರಾತ್ರಿ ಕತ್ತಲಲ್ಲಿ ಒಂದೊಂದೇ ಅದರ ಹೊಟ್ಟೆಯಡಿ ಸರಿಸಿ, ಅಷ್ಟೇ ಮೊಟ್ಟೆ ತೆಗೆಯುತ್ತೇನೆ. ಹಗಲಲ್ಲಿ ಮಾಡಿದರೆ ಕುಕ್ಕಬಹುದು. ಬೆಳಗಾಗುವ ಹೊತ್ತಿಗೆ ಸಾಮಾನ್ಯವಾಗಿ ತನ್ನದೇ ಮರಿ ಅಂತ ಒಪ್ಪಿಕೊಂಡಿರುತ್ತದೆ, ಆದರೂ ಬೇಗ ಎದ್ದು ಒಂದು ಸಲ ನೋಡಬೇಕು. ದೊಡ್ಡ ಹೇಟೆಯಾದರೆ ಹತ್ತು ಹನ್ನೆರಡು ಮರಿ ಧಾರಾಳ. ಅದಕ್ಕಿಂತ ಜಾಸ್ತಿ ಹಾಕಿದರೆ ರೆಕ್ಕೆಯಡಿ ಜಾಗ ಸಾಲದು, ಹೊರಗೆ ಉಳಿದವು ಚಳಿಗೆ ಹೋಗುತ್ತವೆ.

ಗಾಡಿಯವರ ಹತ್ತಿರ ಆಗಲೇ ಮರಿ ತಂದುಬಿಟ್ಟಿದ್ದರೆ, ಇವತ್ತು ರಾತ್ರಿಯೇ ಪೆಟ್ಟಿಗೆಯನ್ನು ಬಾಗಿಲಿರುವ ಕೋಣೆಗೆ ಒಯ್ಯಿರಿ, ಬಾಗಿಲು ಕಿಟಕಿ ಎರಡನ್ನೂ ಹಾಕಿ. ಮುಚ್ಚಳಕ್ಕೆ ಮರದ ಚೌಕಟ್ಟು, ಅರ್ಧ ಇಂಚು ಕಣ್ಣಿನ ವೆಲ್ಡ್ ಮೆಶ್ (ಬೆಸುಗೆ ಹಾಕಿದ ಗಟ್ಟಿ ತಂತಿ ಜಾಲರಿ), ಚಿಲಕ. ಕಲ್ಲು ಇಟ್ಟರೆ ಸಾಲದು. ಮೂಲೆಗಳಿಗೆ ರಟ್ಟು ಬಗ್ಗಿಸಿ ದುಂಡಗೆ ಮಾಡಿ, ಆಗ ಒಂದರ ಮೇಲೊಂದು ಬೀಳುವುದಿಲ್ಲ. ಕರೆಂಟ್ ಹೋದರೆ ಅಂತ ಬಿಸಿನೀರು ತುಂಬಿದ ಬಾಟಲಿಗೆ ಬಟ್ಟೆ ಸುತ್ತಿ ಒಳಗೆ ಇಡಲು ತಯಾರಿರಿ. ಎಂಟು ವಾರದವರೆಗೆ ಬೆಕ್ಕು ಮರಿ ಒಂದೇ ಕಡೆ ಬೇಡ, ನೀವು ಎದುರಿಗೇ ಕೂತಿದ್ದರೂ ಬೇಡ.