ಯಂತ್ರ ಇನ್ನೂ ಗಟ್ಟಿ, ಕಂಪ್ಯೂಟರ್‌ಗೆ ವಯಸ್ಸಾಯಿತು

ಪ್ರಶ್ನೆ: ನಮ್ಮ ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಹಳೇ ಕಲರ್ ಸಾರ್ಟರ್ ಇದೆ. ಕಪ್ಪು ಬೀಜ ಕಂಡರೆ ಗಾಳಿ ಊದಿ ಆಚೆ ಹಾಕುತ್ತದೆ. ಅದನ್ನು ನಡೆಸುವುದು ವಿಂಡೋಸ್ 98 ಇರುವ ಕಂಪ್ಯೂಟರ್. ಈಗ ಆನ್ ಮಾಡಿದಾಗಲೆಲ್ಲ ತಾರೀಖು ತಪ್ಪು ತೋರಿಸುತ್ತದೆ, ಒಮ್ಮೊಮ್ಮೆ ಡಿಸ್ಕೇ ಇಲ್ಲ ಎನ್ನುತ್ತದೆ. ಹೊಸ ಕಂಪ್ಯೂಟರ್ ತಂದರೆ ಸರಿಹೋಗುತ್ತಾ?
– ಓದುಗರೊಬ್ಬರು, ಕುಶಾಲನಗರ

ಉತ್ತರ: ದಯವಿಟ್ಟು ತರಬೇಡಿ. ಸಾರ್ಟರ್‌ನಿಂದ ಬರುವ ಕೇಬಲ್ ಕಂಪ್ಯೂಟರ್ ಒಳಗಿನ ಒಂದು ಉದ್ದ ಕಾರ್ಡಿಗೆ ಸೇರಿರುತ್ತದೆ, ಅಲ್ವಾ? ಆ ಕಾಲದ್ದಾದರೆ ಅದು ಬಹುಶಃ ಐಎಸ್‌ಎ ಎಂಬ ಹಳೇ ಬಗೆಯ ಕಾರ್ಡ್. ಅದು ಕೂರುವ ಜಾಗ ಈಗಿನ ಸಾಮಾನ್ಯ ಕಂಪ್ಯೂಟರ್‌ಗಳ ಮದರ್‌ಬೋರ್ಡ್‌ನಲ್ಲಿ, ಅಂದರೆ ಒಳಗಿನ ಮುಖ್ಯ ಬೋರ್ಡಿನಲ್ಲಿ, ಇಲ್ಲ.

ತಾರೀಖು ತಪ್ಪಲು ಕಾರಣ ಸಾಮಾನ್ಯವಾಗಿ ನಾಣ್ಯದಂಥ ಬ್ಯಾಟರಿ, ಸಿಆರ್2032, 3 ವೋಲ್ಟ್‌ನದು. ಅದು ಖಾಲಿಯಾದರೆ ಡಿಸ್ಕಿನ ಸೆಟ್ಟಿಂಗೂ ಅಳಿಸಿಹೋಗಬಹುದು. ಬದಲಾಯಿಸುವ ಮೊದಲು, ಕಂಪ್ಯೂಟರ್‌ಗೆ ಡಿಸ್ಕ್ ಸಿಕ್ಕ ದಿನವೇ, ಬಯಾಸ್‌ನ (ಕಂಪ್ಯೂಟರ್‌ನ ಮೂಲ ಸೆಟ್ಟಿಂಗ್ ಇರುವ ಪರದೆ) ಪ್ರತಿ ಪುಟದ ಫೋಟೋ ಮೊಬೈಲ್‌ನಲ್ಲಿ ತೆಗೆದಿಡಿ.

ಆಮೇಲೆ ಡಿಸ್ಕ್. ಇದನ್ನು ಮುಂಗಾರಿಗೆ ಮೊದಲೇ ಮುಗಿಸಿ. ಕೆಲವು ವರ್ಷದ ಹಿಂದೆ ಇಂಥದ್ದೇ ಕಂಪ್ಯೂಟರ್ ನೋಡಲು ಹೋಗಿದ್ದೆ. ಜುಲೈ ತಿಂಗಳು, ಬಿಡದ ಮಳೆ. ಮುಚ್ಚಳ ಬಿಚ್ಚಿದರೆ ಬೋರ್ಡಿನ ಮೇಲೆಲ್ಲ ಬಿಳಿ ಬೂಷ್ಟು. ಮೂರು ಕೆಪಾಸಿಟರ್‌ಗಳ ತಲೆ ಉಬ್ಬಿ, ಕಂದು ಅಂಟು ಒಸರಿತ್ತು. ಅವನ್ನು ಬದಲಾಯಿಸಿದೆ. ಡಿಸ್ಕ್ ಮಾತ್ರ ಕಟಕಟ ಎಂದು ನಿಂತುಹೋಯಿತು. ನಕಲು ಇರಲಿಲ್ಲ. ಡ್ರಾಯರ್‌ನಲ್ಲಿದ್ದ ಫ್ಲಾಪಿಗೂ ಬೂಷ್ಟು ಹಿಡಿದಿತ್ತು. ಒಂದು ಬೋಲ್ಟೂ ಸವೆಯದ ಯಂತ್ರ ಗುಜರಿಗೆ ಹೋಯಿತು. ಆ ಬೇಸರ ನನಗೆ ಇನ್ನೂ ಹೋಗಿಲ್ಲ.

ಆದ್ದರಿಂದ ಡಿಸ್ಕ್ ಹೊರತೆಗೆದು, ಹಳೇ ಡಿಸ್ಕನ್ನು ಯುಎಸ್‌ಬಿಗೆ ಜೋಡಿಸುವ ಐಡಿಇ-ಯುಎಸ್‌ಬಿ ಅಡಾಪ್ಟರ್ ಹಾಕಿ ಇಡೀ ಡಿಸ್ಕಿನ ಇಮೇಜ್, ಅಂದರೆ ಇದ್ದದ್ದು ಇದ್ದ ಹಾಗೇ ಪೂರ್ತಿ ನಕಲು, ಮಾಡಿಸಿ. ಬರೀ ಫೈಲ್ ಕಾಪಿ ಮಾಡಿದರೆ ಸಾಲದು. ಆ ಇಮೇಜನ್ನು ಕಾಂಪ್ಯಾಕ್ಟ್ ಫ್ಲ್ಯಾಶ್ ಎಂಬ ಮೆಮೊರಿ ಕಾರ್ಡಿಗೆ ಹಾಕಿ ಅದರಿಂದಲೇ ಓಡಿಸಿ ನೋಡಿ. ಅದರಲ್ಲಿ ತಿರುಗುವ ಭಾಗವೇ ಇಲ್ಲ. ಹಳೇ ಡಿಸ್ಕನ್ನು ಡಬ್ಬಿಯಲ್ಲಿಟ್ಟು ಜೋಪಾನ ಮಾಡಿ. ಇಂಟರ್‌ನೆಟ್ ಮಾತ್ರ ಈ ಕಂಪ್ಯೂಟರ್‌ಗೆ ಬೇಡ.

ಹಳೇದಕ್ಕೆ ಯಾಕಿಷ್ಟು ಒದ್ದಾಟ ಎಂದು ಮನೆಯವರು ಕೇಳಬಹುದು. ಮೆಕ್‌ಲಾರೆನ್ ಎಫ್1 ಎಂಬ ಕಾರು 1990ರ ದಶಕದಲ್ಲಿ 106 ಮಾತ್ರ ತಯಾರಾಯಿತು. ಕೋಟಿಗಟ್ಟಲೆ ಬಾಳುವ ಆ ಕಾರಿನ ಸರ್ವೀಸಿಗೆ ಕಂಪನಿಯವರೇ ಆ ಕಾಲದ ಕಾಂಪ್ಯಾಕ್ ಲ್ಯಾಪ್‌ಟಾಪ್‌ಗಳನ್ನು ಕಾಪಾಡಿಕೊಂಡು ಬಂದಿದ್ದರು. ಕಾರಿನ ಜೊತೆ ಮಾತಾಡಲು ಬೇಕಾದ ವಿಶೇಷ ಕಾರ್ಡ್ ಬೇರೆ ಲ್ಯಾಪ್‌ಟಾಪ್‌ಗೆ ಹೊಂದುತ್ತಿರಲಿಲ್ಲ. ನಿಮ್ಮದೂ ಅದೇ ಕಥೆ.

ಮಳೆಗಾಲದಲ್ಲಿ ಸಾರ್ಟರ್‌ಗೆ ಕೆಲಸವಿಲ್ಲದಿದ್ದರೂ ವಾರಕ್ಕೊಮ್ಮೆ ಒಂದೆರಡು ಗಂಟೆ ಕಂಪ್ಯೂಟರ್ ಆನ್ ಇಡಿ, ಒಳಗಿನ ತೇವ ಆರುತ್ತದೆ. ಆ ಉದ್ದ ಕಾರ್ಡಿನ ಎರಡೂ ಬದಿಯ ಫೋಟೋ ಪತ್ರಿಕೆಗೆ ಕಳಿಸಿ, ನಂಬರ್ ಓದುವಂತಿರಲಿ. ಅಂಥದ್ದೇ ಇನ್ನೊಂದು ಎಲ್ಲಾದರೂ ಸಿಗುತ್ತದಾ ಹುಡುಕುತ್ತೇನೆ.