ಬಿಬಿಸಿ ಮೈಕ್ರೋಗೆ ಎಸ್‌ಡಿ ಕಾರ್ಡ್: ಮೊದಲು ಪವರ್ ಸಪ್ಲೈ ನೋಡಿ

ಶಾಲೆಯ ಹಳೇ ಸಾಮಾನಿನ ಹರಾಜಿನಲ್ಲೋ ಅಟ್ಟ ಗುಡಿಸುವಾಗಲೋ ಬಿಬಿಸಿ ಮೈಕ್ರೋ (1980ರ ದಶಕದ ಬ್ರಿಟಿಷ್ ಕಂಪ್ಯೂಟರ್) ಸಿಕ್ಕವರ ಪ್ರಶ್ನೆಗಳು ಮತ್ತೆ ರಾಶಿ ಬಿದ್ದಿವೆ. ಹತ್ತರಲ್ಲಿ ಎಂಟು ಒಂದೇ ಪ್ರಶ್ನೆ. ಅದಕ್ಕೇ ಈ ಸಲ ಅದೊಂದನ್ನು ಬಿಡಿಸಿ ಬರೆಯುತ್ತೇನೆ. ಉಳಿದವಕ್ಕೆ ಒಂದೆರಡು ಮಾತು ಸಾಕು.

ಪ್ರಶ್ನೆ (ತೀರ್ಥಹಳ್ಳಿಯಿಂದ): 1984ರಲ್ಲಿ ಶುರುವಾದ ಕೇಂದ್ರ ಸರ್ಕಾರದ ‘ಕ್ಲಾಸ್’ ಎಂಬ, ಶಾಲೆಗಳಲ್ಲಿ ಕಂಪ್ಯೂಟರ್ ಕಲಿಸುವ ಯೋಜನೆಯಲ್ಲಿ ಶಾಲೆಗೆ ಬಂದಿದ್ದ ಬಿಬಿಸಿ ಮೈಕ್ರೋ ಮಾಡೆಲ್ ಬಿ ನನ್ನ ಕೈಸೇರಿದೆ. ಫ್ಲಾಪಿ ಡ್ರೈವ್ ಇಲ್ಲ. ಪೆಟ್ಟಿಗೆಯೊಳಗೇ ಎಸ್‌ಡಿ ಕಾರ್ಡ್ ಕೂರಿಸುವ ಆಸೆ. ರಿಪೇರಿ ಅಂಗಡಿಯವರು “ಒಳಗಿನ ಬೋರ್ಡ್ ಕಿತ್ತು ರಾಸ್ಪ್‌ಬೆರಿ ಪೈ (ಅಂಗೈಯಗಲದ ಇಂದಿನ ಕಂಪ್ಯೂಟರ್) ಹಾಕಿಕೊಡ್ತೀವಿ, ಎಲ್ಲಾ ಅದರಲ್ಲೇ ಬರುತ್ತೆ” ಅನ್ನುತ್ತಾರೆ. ಏನು ಮಾಡಲಿ ಸರ್?

ಉತ್ತರ: ಮೊದಲು ಆ ಅಂಗಡಿಯಿಂದ ಯಂತ್ರ ವಾಪಸ್ ತನ್ನಿ. ಬೋರ್ಡ್ ಕಿತ್ತ ಮೇಲೆ ಉಳಿಯುವುದು ಪ್ಲಾಸ್ಟಿಕ್ ಡಬ್ಬಿ, ಬಿಬಿಸಿ ಮೈಕ್ರೋ ಅಲ್ಲ. ಇವತ್ತು ನಮ್ಮ ಮೊಬೈಲಿನಲ್ಲಿರುವ ಎಆರ್‌ಎಂ ಚಿಪ್‌ಗಳ ವಂಶದ ಮೊದಲನೆಯದು 1985ರಲ್ಲಿ ಜೀವ ಪಡೆದದ್ದು ಬಿಬಿಸಿ ಮೈಕ್ರೋಗೆ ಜೋಡಿಸಿಕೊಂಡೇ. ಅಂಥ ಬೋರ್ಡನ್ನು ಗುಜರಿಗೆ ಹಾಕಿ ಎನ್ನುವವರನ್ನು ನಾನು ರಿಪೇರಿಯವರು ಎಂದು ಕರೆಯುವುದಿಲ್ಲ.

ಕಾರ್ಡ್ ಕೂರಿಸುವುದು ಸುಲಭದ ಕೆಲಸ. ಯಂತ್ರ ಹಾಳಾಗುವುದು ಪವರ್ ಸಪ್ಲೈಯಿಂದ. ಅದರೊಳಗೆ, ಮನೆಯ ಕರೆಂಟ್ ಬರುವ ಕಡೆ, ‘ರಿಫಾ’ ಎಂದು ಬರೆದಿರುವ ಕಾಗದದ ಕೆಪಾಸಿಟರ್‌ಗಳಿರುತ್ತವೆ. ವರ್ಷ ಕಳೆದಂತೆ ಅವುಗಳ ಮೇಲಿನ ಪಾರದರ್ಶಕ ಹೊದಿಕೆ ಸಣ್ಣಗೆ ಬಿರುಕು ಬಿಡುತ್ತದೆ. ಬಿರುಕಿನಲ್ಲಿ ತೇವ ಇಳಿದು ಕಾಗದ ನೆನೆಯುತ್ತದೆ. 230 ವೋಲ್ಟ್ ಹರಿದ ಕೂಡಲೇ, ಇಲ್ಲವೇ ಸ್ವಲ್ಪ ಹೊತ್ತು ಸರಿಯಾಗಿ ನಡೆದು, ಢಮ್ಮೆಂದು ಸಿಡಿದು ಮನೆ ತುಂಬ ಗಬ್ಬು ಹೊಗೆ. ಒಣ ಹವೆಯ ಊರುಗಳಲ್ಲೇ ಸಿಡಿಯುವ ಇವು, ಆರಿದ್ರಾದಿಂದ ಆಶ್ಲೇಷದವರೆಗೆ ಒಗೆದ ಬಟ್ಟೆಯೂ ಒಣಗದ ನಮ್ಮ ಕಡೆ ಹೇಗೆ ಉಳಿದಾವು? “ನಿನ್ನೆ ಆನ್ ಮಾಡಿ ನೋಡಿದೆ, ಚೆನ್ನಾಗೇ ಇದೆ” ಎಂದು ದಯವಿಟ್ಟು ಬರೆಯಬೇಡಿ. ಅದು ಯಾವುದಕ್ಕೂ ಸಾಕ್ಷಿಯಲ್ಲ. ಆ ಕೆಪಾಸಿಟರ್‌ಗಳನ್ನು ತೆಗೆಸಿ, ಅಷ್ಟೇ ಮೌಲ್ಯದ, ಎಕ್ಸ್2 ದರ್ಜೆಯ (ಮನೆಯ ಕರೆಂಟಿಗೆ ನೇರ ಜೋಡಿಸಲೆಂದೇ ಮಾಡಿದ) ಪಾಲಿಪ್ರೊಪಿಲಿನ್ ಕೆಪಾಸಿಟರ್ ಹಾಕಿಸಿ. ಶಿವಮೊಗ್ಗದಲ್ಲಿ ಸಿಗದಿದ್ದರೆ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗುವವರ ಕೈಲಿ ತರಿಸಿ. ಎಕ್ಸ್2 ಎಂದು ಬರೆದಿಲ್ಲದ್ದನ್ನು ಅಂಗಡಿಯವರು ಎಷ್ಟೇ ಹೊಗಳಲಿ, ಬೇಡ. ಸಪ್ಲೈ ಪೆಟ್ಟಿಗೆಯನ್ನು ನೀವೇ ಬಿಚ್ಚಲು ಹೋಗಬೇಡಿ. ಪ್ಲಗ್ ಕಿತ್ತ ಮೇಲೂ ದೊಡ್ಡ ಕೆಪಾಸಿಟರಿನಲ್ಲಿ 300 ವೋಲ್ಟ್ ದಾಟಿ ನಿಂತಿರಬಹುದು. ಟಿವಿ ರಿಪೇರಿಯಲ್ಲಿ ಪಳಗಿದ ಕೈ ಬೇಕು.

ಇಷ್ಟಾದ ಮೇಲೆ ಕಾರ್ಡಿನ ಮಾತು. ಬಿಬಿಸಿ ಮೈಕ್ರೋದಲ್ಲಿ ಹೊರಗಿನ ಸಾಧನ ಸಿಕ್ಕಿಸಲು ಇರುವ ಯೂಸರ್ ಪೋರ್ಟ್‌ಗೆ ಜೋಡಿಸುವ ಎಸ್‌ಡಿ ಅಡಾಪ್ಟರ್ ತೆಗೆದುಕೊಳ್ಳಿ. ಪೋರ್ಟಿನಲ್ಲಿರುವುದು 5 ವೋಲ್ಟ್, ಕಾರ್ಡಿಗೆ ಬೇಕಾದದ್ದು 3.3. ಕರೆಂಟನ್ನಷ್ಟೇ ಅಲ್ಲ, ಸಿಗ್ನಲ್ ತಂತಿಗಳನ್ನೂ ಇಳಿಸಿಕೊಡುವ ಅಡಾಪ್ಟರ್ ಆಗಿರಬೇಕು. ಕಾರ್ಡಿಗೆ ನೇರವಾಗಿ ತಂತಿ ಬೆಸೆದು “ನಡೆಯುತ್ತೆ” ಎನ್ನುವವರ ಮಾತು ಕೇಳಿ ಕಾರ್ಡ್ ಸುಡಬೇಡಿ. ಇದರ ಜೊತೆಗೆ, ಕಾರ್ಡನ್ನು ಡಿಸ್ಕಿನಂತೆ ಓದಿಸುವ ಎಂಎಂಎಫ್‌ಎಸ್ ಎಂಬ ತಂತ್ರಾಂಶವನ್ನು ತುಂಬಿಟ್ಟ ರೋಮ್ ಚಿಪ್ ಬೇಕು. ಅರ್ಧ ಜನ ಇದನ್ನೇ ಮರೆತು, ಕಾರ್ಡ್ ಸಿಕ್ಕಿಸಿ, ಪರದೆ ನೋಡುತ್ತಾ ಕೂರುತ್ತಾರೆ. ಆ ಚಿಪ್ಪನ್ನು ಬೇಸಿಕ್ ಭಾಷೆಯ ಚಿಪ್ಪಿನ ಸಾಲಿನಲ್ಲಿ ಖಾಲಿ ಇರುವ ಸಾಕೆಟ್ಟಿಗೆ ಹಾಕಿ. ಕೈ ಹಾಕಿದ್ದೇ ಆಗಿದೆ, ಅಕ್ಕಪಕ್ಕದ ಸಾಕೆಟ್ ಚಿಪ್‌ಗಳನ್ನೂ ಒಮ್ಮೆ ನಿಧಾನಕ್ಕೆ ಎತ್ತಿ ಕೂರಿಸಿ. ಮಲೆನಾಡಿನ ಯಂತ್ರಗಳಲ್ಲಿ ಕಾಲುಗಳಿಗೆ ಕಿಲುಬು ಹಿಡಿದೇ ಇರುತ್ತದೆ.

ಕಾರ್ಡನ್ನು ಹೊಸದಾಗಿ ಫ್ಯಾಟ್32ಗೆ ಫಾರ್ಮ್ಯಾಟ್ ಮಾಡಿ, ಎಲ್ಲಕ್ಕಿಂತ ಮೊದಲು, ಡಿಸ್ಕುಗಳನ್ನೆಲ್ಲ ತುಂಬಿಡುವ ಬೀಬ್ ಡಾಟ್ ಎಂಎಂಬಿ ಕಡತವನ್ನೇ ನಕಲು ಮಾಡಿ. ಆ ಕಡತ ಕಾರ್ಡಿನಲ್ಲಿ ತುಂಡಾಗದೆ ಒಂದೇ ಉದ್ದಕ್ಕೆ ಕೂರಬೇಕು. ತುಂಬಿ ಅಳಿಸಿ ಬಳಸಿದ ಕಾರ್ಡಿನಲ್ಲಿ ಅದು ಹರಿದು ಹಂಚಿಹೋಗುತ್ತದೆ, ಬಿಬಿಸಿ ಮೈಕ್ರೋಗೆ ಕಸ ಕಾಣುತ್ತದೆ. ಆ ಒಂದೇ ಕಡತದಲ್ಲಿ ತಲಾ 200 ಕೆಬಿಯ 511 ಡಿಸ್ಕುಗಳು ಹಿಡಿಯುತ್ತವೆ.

ಒಳಗೆ ಕೂರಿಸಲು ಪೋರ್ಟಿನ ಕಾಲುಗಳಿಂದ ಗಿಡ್ಡ ತಂತಿ ಎಳೆದು, ಅಡಾಪ್ಟರಿಗೆ ಪೂರ್ತಿ ಇನ್ಸುಲೇಶನ್ ಸುತ್ತಿ, ಪವರ್ ಸಪ್ಲೈಯಿಂದ ದೂರ ಇಡಿ. ಡಬಲ್ ಟೇಪನ್ನು ನಂಬಬೇಡಿ, ಒಂದು ಮಳೆಗಾಲಕ್ಕೆ ಅಂಟು ಬಿಟ್ಟು ಬೋರ್ಡಿನ ಮೇಲೆ ಬೀಳುತ್ತದೆ. ಪೆಟ್ಟಿಗೆಗೆ ತೂತು ಕೊರೆಯಬೇಡಿ. ನನ್ನನ್ನು ಕೇಳಿದರೆ ಮೊದಲ ವರ್ಷ ಅಡಾಪ್ಟರ್ ಹೊರಗೇ ಇರಲಿ, ಯಂತ್ರ ಗಟ್ಟಿ ಎಂದು ಗೊತ್ತಾದ ಮೇಲೆ ಒಳಗೆ ಹಾಕಿ. ಬೆಸುಗೆ ಕೆಲಸವನ್ನು ದೀಪಾವಳಿ ಕಳೆದು ಗಾಳಿ ಒಣಗಿದ ಮೇಲೆ ಇಟ್ಟುಕೊಳ್ಳಿ.

ಪ್ರಶ್ನೆ (ಸಾಗರ): 64 ಜಿಬಿ ಕಾರ್ಡ್ ಹಾಕಿದರೆ ವೇಗ ಹೆಚ್ಚುತ್ತದೆಯೇ?

ಉತ್ತರ: ಇಲ್ಲ. ಬೇಕಾದದ್ದು ಸುಮಾರು 100 ಎಂಬಿ. ಡ್ರಾಯರಿನಲ್ಲಿರುವ ಸಣ್ಣ ಕಾರ್ಡ್ ಸಾಕು.

ಪ್ರಶ್ನೆ (ಹೊಸನಗರ): ಬೋರ್ಡ್ ಥಂಡಿ ಹಿಡಿದಿದೆ. ಅಡಿಕೆ ಡ್ರೈಯರಿನಲ್ಲಿ ಒಂದು ರಾತ್ರಿ ಇಡಲೇ? ಅಕ್ಕಿ ಡಬ್ಬದಲ್ಲಿ ಹುಗಿಯಲೇ?

ಉತ್ತರ: ಎರಡೂ ಬೇಡ. ಡ್ರೈಯರಿನ ಬಿಸಿ ಪ್ಲಾಸ್ಟಿಕ್ ಸೊಟ್ಟ ಮಾಡುತ್ತದೆ, ಅಕ್ಕಿಯ ಹುಡಿ ಸಾಕೆಟ್ ಸೇರುತ್ತದೆ. ಮುಚ್ಚಳ ತೆಗೆದು ಫ್ಯಾನ್ ಗಾಳಿಗೆ ಇಡಿ, ತಾಳ್ಮೆ ಇರಲಿ.

ಪ್ರಶ್ನೆ (ಕೊಪ್ಪ): ಎಸ್‌ಡಿ ಬದಲು ಪೆನ್‌ಡ್ರೈವ್ ಹಾಕುವ ಗೋಟೆಕ್ ಆಗದೇ?

ಉತ್ತರ: ಅದು ಫ್ಲಾಪಿ ಡ್ರೈವಿನ ಜಾಗಕ್ಕೆ ಬರುವಂಥದ್ದು. ನಿಮ್ಮ ಬೋರ್ಡಿನಲ್ಲಿ ಡಿಸ್ಕ್ ಕಂಟ್ರೋಲರ್ ಚಿಪ್ ಇದ್ದರೆ ಆಗುತ್ತದೆ, ಇಲ್ಲದಿದ್ದರೆ ಇಲ್ಲ.

ಪ್ರಶ್ನೆ (ಶಿವಮೊಗ್ಗ): ಅಪ್ಪ ಬರೆದ ಪ್ರೋಗ್ರಾಮ್‌ಗಳ ಫ್ಲಾಪಿಗಳಿವೆ, ಮೇಲೆ ಬಿಳಿ ಬೂಷ್ಟು. ಕಾರ್ಡಿಗೆ ತುಂಬಿಸಿಕೊಳ್ಳುವ ಮೊದಲು ಡ್ರೈವಿಗೆ ಹಾಕಿ ನೋಡಬಹುದೇ?

ಉತ್ತರ: ಹಾಗೇ ಹಾಕಲೇಬೇಡಿ. ಹೆಡ್ಡು ಬೂಷ್ಟನ್ನು ಉಜ್ಜಿ ಆ ಡಿಸ್ಕಿನ ಕಾಂತ ಪದರವನ್ನು ಕೆರೆಯುತ್ತದೆ, ಅದೇ ಕೊಳೆ ಹೆಡ್ಡಿಗೆ ಮೆತ್ತಿ ಮುಂದಿನ ಡಿಸ್ಕನ್ನೂ ಕೆಡಿಸುತ್ತದೆ. ಕವರಿನ ಅಂಚು ಬಿಚ್ಚಿ, ಡಿಸ್ಕ್ ಹೊರತೆಗೆದು, ಐಸೊಪ್ರೊಪೈಲ್ ಆಲ್ಕೋಹಾಲ್ ತಾಗಿಸಿದ ಮೆತ್ತನೆ ಬಟ್ಟೆಯಲ್ಲಿ ಎರಡೂ ಮಗ್ಗುಲು ಒರೆಸಿ, ಪೂರ್ತಿ ಆರಿದ ಮೇಲೆ ಶುದ್ಧವಾದ ಬೇರೆ ಕವರಿಗೆ ಹಾಕಿ ಓದಿಸಿ. ಪ್ರತಿ ಡಿಸ್ಕಾದ ಮೇಲೂ ಹೆಡ್ ಒರೆಸಿ. ಬೆಲೆಯಿಲ್ಲದ ಫ್ಲಾಪಿಯೊಂದರ ಮೇಲೆ ಮೊದಲು ಕೈ ಪಳಗಿಸಿ, ಅಪ್ಪನದ್ದು ಆಮೇಲೆ.