ಚೀಲ ತುಂಬಿದೆ, ಬರಬೇಕಾದವರು ಬಂದಿಲ್ಲ

ಓದುಗರ ಪತ್ರ: ನಾವು 12 ಮಂದಿ ಸ್ವಯಂಸೇವಕರು ವಾರಕ್ಕೆ ಎರಡು ದಿನ, ಬೆಳಿಗ್ಗೆ 10ರಿಂದ 12ರವರೆಗೆ, ಒಂದು ಸಭಾಂಗಣದಲ್ಲಿ ಸುಮಾರು 60 ಮನೆಗಳಿಗೆ ಆಹಾರದ ಚೀಲ ಹಂಚುತ್ತೇವೆ. ದಾನ ಹೆಚ್ಚುತ್ತಿದೆ. ಆದರೆ ತೀರಾ ಕಷ್ಟದಲ್ಲಿರುವವರು ಬರುತ್ತಿಲ್ಲ, ಬಂದವರೇ ಮತ್ತೆ ಬರುತ್ತಾರೆ, ಸರದಿಯಲ್ಲಿ ಜಗಳವಾಗುತ್ತದೆ, ಕೊಟ್ಟ ಕೆಲವು ವಸ್ತುಗಳು ಬಾಗಿಲಾಚೆಯೇ ಬಿದ್ದಿರುತ್ತವೆ. ಗುರುತಿನ ದಾಖಲೆ ಕೇಳಲು ಶುರುಮಾಡಬೇಕೆ? ಸಮಾರಂಭಗಳಲ್ಲಿ ಉಳಿದ ಅಡುಗೆಯನ್ನೂ ತಂದು ಹಂಚಬಹುದೆ? ದಾನಿಗಳು ಹಂಚಿಕೆಯ ಫೋಟೊ ಕೇಳುತ್ತಿದ್ದಾರೆ, ಕೊಡಬೇಕೆ?

ಸಂಪಾದಕರ ಉತ್ತರ: ನಿಮ್ಮ ದೊಡ್ಡ ಪ್ರಶ್ನೆಗೆ ಅರ್ಧ ಉತ್ತರ ನಿಮ್ಮ ಪತ್ರದ ಮೊದಲ ವಾಕ್ಯದಲ್ಲೇ ಇದೆ. ಬೆಳಿಗ್ಗೆ 10ರಿಂದ 12 ಎಂದರೆ ದುಡಿಯುವವರು ದುಡಿಯುತ್ತಿರುವ ಹೊತ್ತು. ಅರ್ಧ ದಿನದ ಕೂಲಿ ಬಿಟ್ಟು ಬಂದವರು ಚೀಲದಲ್ಲಿ ಪಡೆದದ್ದಕ್ಕಿಂತ ಹೆಚ್ಚು ಕಳೆದುಕೊಂಡಿರುತ್ತಾರೆ. ಆ ಹೊತ್ತಿಗೆ ಬರಬಲ್ಲವರಷ್ಟೇ ಬರುತ್ತಾರೆ. ಅದಕ್ಕೇ ನಿಮಗೆ ಅವೇ ಮುಖಗಳು ಕಾಣುತ್ತಿರುವುದು. ಎರಡು ದಿನಗಳಲ್ಲಿ ಒಂದನ್ನು ಸಂಜೆ ಆರೂವರೆಗೆ ತಳ್ಳಿ. ಎರಡನ್ನೂ ಒಟ್ಟಿಗೇ ಬದಲಿಸಬೇಡಿ. ಈಗ ಬರುತ್ತಿರುವ ವೃದ್ಧರಿಗೆ, ಮಕ್ಕಳನ್ನು ಶಾಲೆಗೆ ಕಳಿಸಿ ಬರುವ ತಾಯಂದಿರಿಗೆ ಬೆಳಗಿನ ಹೊತ್ತೇ ಅನುಕೂಲ.

ದಾಖಲೆಯ ವಿಷಯದಲ್ಲಿ ನಮ್ಮ ಉತ್ತರ ನೇರ: ಕೇಳಬೇಡಿ. ಮನೆ ಬದಲಿಸುತ್ತಲೇ ಇರುವವರು, ಬೇರೆ ಊರಿನಿಂದ ಕೆಲಸಕ್ಕೆ ಬಂದವರು, ಗಂಡನ ಮನೆ ಬಿಟ್ಟು ಬಂದ ಹೆಂಗಸರು, ಹೀಗೆ ಯಾರ ಕೈಯಲ್ಲಿ ದಾಖಲೆ ಇರುವುದಿಲ್ಲವೋ ಹಸಿವು ಹೆಚ್ಚಾಗಿ ಅವರ ಮನೆಯಲ್ಲೇ ಇರುತ್ತದೆ. ದಾಖಲೆ ಕೇಳಿದರೆ ನಿಮ್ಮ ಸಾಲು ಚಿಕ್ಕದಾದೀತು, ಆದರೆ ಬಿಟ್ಟುಹೋಗುವವರು ನೀವು ಹುಡುಕುತ್ತಿರುವವರೇ ಆಗಿರುತ್ತಾರೆ. ಒಬ್ಬರೇ ಎರಡು ಸಲ ಒಯ್ದಾರು ಎಂಬ ಆತಂಕಕ್ಕೆ ಕ್ರಮಸಂಖ್ಯೆಯಿರುವ ಒಂದು ಚೀಟಿ ಸಾಕು. ಮೊದಲ ಸಲ ಬಂದಾಗ ಮೂರೇ ಪ್ರಶ್ನೆ ಕೇಳಿ: ಮನೆಯಲ್ಲಿ ಎಷ್ಟು ಜನ, ಅವರಲ್ಲಿ ಎರಡು ವರ್ಷದೊಳಗಿನ ಮಕ್ಕಳೆಷ್ಟು, ಒಲೆ ಮತ್ತು ಉರುವಲು ಇದೆಯೇ. ಉತ್ತರವನ್ನು ಚೀಟಿಯ ಸಂಖ್ಯೆಯ ಎದುರು ಬರೆದುಕೊಳ್ಳಿ, ಹೆಸರು ಬೇಡ. ಎರಡನೇ ಸಲ ಕೈಚಾಚಿದವರು ಮೋಸಗಾರರು ಎಂಬ ತೀರ್ಮಾನಕ್ಕೂ ಬರಬೇಡಿ. ಎಂಟು ಜನರ ಮನೆಗೆ ನಾಲ್ವರ ಚೀಲ ಕೊಟ್ಟರೆ ಅವರು ಮತ್ತೊಮ್ಮೆ ಬರದೆ ಏನು ಮಾಡಿಯಾರು? ಕಾಯಿಲೆಯವರ, ಅಂಗವಿಕಲರ ಪರವಾಗಿ ಅದೇ ಚೀಟಿ ತಂದ ನೆರೆಯವರಿಗೂ ಚೀಲ ಕೊಡುವ ನಿಯಮವಿರಲಿ. ಈ ಒಂದು ನಿಯಮ ಇಲ್ಲದಿದ್ದರೆ ಹಾಸಿಗೆ ಹಿಡಿದವರು ನಿಮ್ಮ ಲೆಕ್ಕಕ್ಕೇ ಸಿಗುವುದಿಲ್ಲ.

ಜಗಳದ ಮೂಲ ಜನರ ಸ್ವಭಾವವಲ್ಲ, ಗಣಿತ. ಒಂದು ಮನೆಗೆ ನಾಲ್ಕು ನಿಮಿಷ ಹಿಡಿದರೆ ಒಂದೇ ಮೇಜಿನಲ್ಲಿ 60 ಮನೆಗಳಿಗೆ 240 ನಿಮಿಷ ಬೇಕು. ನಿಮ್ಮ ಬಳಿ ಇರುವುದು 120. ಕೊನೆಯಲ್ಲಿ ನಿಂತವರಿಗೆ ತಮ್ಮ ಪಾಲು ಮುಗಿದೀತೆಂಬ ಭಯ ಹುಟ್ಟುವುದು ಸಹಜ, ಆ ಭಯವೇ ನೂಕುನುಗ್ಗಲು. ಎರಡು ಮೇಜು ಹಾಕಿ, 20 ನಿಮಿಷಕ್ಕೆ 10 ಮನೆಗಳಂತೆ ಚೀಟಿಯ ಮೇಲೇ ಸಮಯ ಬರೆದುಕೊಡಿ. ಎರಡು ಗಂಟೆಯಲ್ಲಿ 60 ಮನೆ ಮುಗಿಯುತ್ತವೆ, ಯಾರೂ ಅರ್ಧ ಗಂಟೆಗಿಂತ ಹೆಚ್ಚು ನಿಲ್ಲುವುದಿಲ್ಲ. ಕೊನೆಯ ಹತ್ತು ಮನೆಗಳ ಪಾಲನ್ನು ಆರಂಭದಲ್ಲೇ ಬೇರೆ ತೆಗೆದಿಡಿ, ಹಾಗೆ ತೆಗೆದಿಟ್ಟದ್ದು ಸಾಲಿನಲ್ಲಿದ್ದವರಿಗೆ ಕಾಣುವಂತಿರಲಿ. ಸಾಲು ಬೀದಿಗೆ ಚಾಚದೆ ಒಳಗಿರಲಿ, ಕೂರಲು ಬೆಂಚು ಇರಲಿ. ಪರಿಚಿತರ ಕಣ್ಣಿಗೆ ಬೀಳಬೇಕಾಗುತ್ತದೆಂದು ಬಾರದೆ ಉಳಿಯುವವರು ನೀವಂದುಕೊಂಡದ್ದಕ್ಕಿಂತ ಹೆಚ್ಚು.

ಇನ್ನು ಬಾಗಿಲಾಚೆ ಬಿದ್ದ ವಸ್ತುಗಳು. ಅವನ್ನು ಕೃತಘ್ನತೆ ಎಂದು ನೋಡದೆ ಮಾಹಿತಿ ಎಂದು ನೋಡಿ. ಒಲೆಯಿಲ್ಲದವರಿಗೆ ಹಸಿ ಕಾಳು, ಹಲ್ಲಿಲ್ಲದವರಿಗೆ ಗಟ್ಟಿ ಬಿಸ್ಕತ್ತು, ಮಧುಮೇಹಿಗೆ ಎರಡು ಕಿಲೊ ಸಕ್ಕರೆ ಕೊಟ್ಟರೆ ಬೇರೇನಾಗಬೇಕು? ದೊಡ್ಡ ಜಾಲಗಳೂ ಇದೇ ಪಾಠ ಕಲಿತಿವೆ. 1967ರಲ್ಲಿ ಅಮೆರಿಕದ ಫೀನಿಕ್ಸ್ ನಗರದಲ್ಲಿ ಜಾನ್ ವ್ಯಾನ್ ಹೆಂಗೆಲ್ ಮೊದಲ ಆಹಾರ ಬ್ಯಾಂಕ್ ಆರಂಭಿಸಿದರು. ಅದರಿಂದ ಬೆಳೆದ ರಾಷ್ಟ್ರೀಯ ಜಾಲ (ಇಂದಿನ ಫೀಡಿಂಗ್ ಅಮೆರಿಕ) ದಾನವಾಗಿ ಬಂದ ಆಹಾರವನ್ನು ಬಹುಕಾಲ ಸರದಿಯ ಪ್ರಕಾರವೇ ಹಂಚುತ್ತಿತ್ತು. ಸರದಿ ನ್ಯಾಯವಾಗಿಯೇ ಇತ್ತು, ಆದರೆ ಒಂದೆಡೆ ಈಗಾಗಲೇ ಹೇರಳವಾಗಿದ್ದ ವಸ್ತುವೇ ಮತ್ತೆ ಅಲ್ಲಿಗೆ ಹೋಗುತ್ತಿತ್ತು. 2005ರಲ್ಲಿ ಅವರು ಪ್ರತಿ ಆಹಾರ ಬ್ಯಾಂಕಿಗೂ ಅದರ ಅಗತ್ಯಕ್ಕೆ ತಕ್ಕಷ್ಟು ಕಾಲ್ಪನಿಕ ‘ಷೇರು’ (ಹರಾಜಿನಲ್ಲಿ ಹಣದಂತೆ ಬಳಸುವ ಅಂಕ) ಕೊಟ್ಟು, ಬೇಕಾದ ಸರಕಿಗೆ ತಾವೇ ಹರಾಜು ಕೂಗುವ ಪದ್ಧತಿ ತಂದರು. ಯಾರಿಗೂ ಬೇಡದ ಸರಕನ್ನು ಒಯ್ಯುವವರಿಗೆ ಷೇರು ತಿರುಗಿ ಸಿಗುತ್ತಿತ್ತು. 60 ಮನೆಗಳಿಗೆ ಹರಾಜು ಬೇಕಿಲ್ಲ, ಆಯ್ಕೆ ಸಾಕು. ಚೀಲ ಕಟ್ಟುವುದನ್ನು ನಿಲ್ಲಿಸಿ, ವಸ್ತುಗಳನ್ನು ಮೇಜಿನ ಮೇಲೆ ಗುಂಪುಗುಂಪಾಗಿ ಇಡಿ: ಧಾನ್ಯ, ಬೇಳೆಕಾಳು, ಎಣ್ಣೆ, ತರಕಾರಿ–ಹಣ್ಣು, ಹಾಲಿನ ಪದಾರ್ಥ, ಬೇಯಿಸದೆ ತಿನ್ನುವಂಥದ್ದು. ಮನೆಯ ಗಾತ್ರಕ್ಕೆ ತಕ್ಕಂತೆ ಪ್ರತಿ ಗುಂಪಿನಿಂದ ಎಷ್ಟು ತೆಗೆದುಕೊಳ್ಳಬಹುದೆಂದು ದೊಡ್ಡ ಅಂಕಿಯಲ್ಲಿ ಬರೆದಿಡಿ. ಆರಿಸಲು ಸಮಯ ಹಿಡಿಯುತ್ತದೆ ನಿಜ, ಮೇಲಿನ ನಾಲ್ಕು ನಿಮಿಷದ ಲೆಕ್ಕದಲ್ಲಿ ಅದೂ ಸೇರಿದೆ.

ಪ್ರಮಾಣಕ್ಕೆ ಒಂದು ಆಧಾರ ಬೇಕು. ವಿಪತ್ತಿನ ಕಾಲದ ಪರಿಹಾರ ಕಾರ್ಯದಲ್ಲಿ ಒಬ್ಬರಿಗೆ ದಿನಕ್ಕೆ ಸರಾಸರಿ 2,100 ಕಿಲೊ ಕ್ಯಾಲೊರಿ ಎಂದು ಹಿಡಿಯುತ್ತಾರೆ. 400 ಗ್ರಾಂ ಧಾನ್ಯ, 60 ಗ್ರಾಂ ಬೇಳೆಕಾಳು, 25 ಗ್ರಾಂ ಎಣ್ಣೆ ಕೊಟ್ಟರೆ ಸುಮಾರು 1,800 ಆಗುತ್ತದೆ, ಉಳಿದದ್ದು ತರಕಾರಿ, ಹಾಲು, ಸಕ್ಕರೆಯಿಂದ ಬರಬೇಕು. ನಾಲ್ವರ ಮನೆಗೆ ಒಂದು ವಾರಕ್ಕೆ ಇದು 11.2 ಕಿಲೊ ಧಾನ್ಯ, 1.7 ಕಿಲೊ ಬೇಳೆಕಾಳು, 700 ಗ್ರಾಂ ಎಣ್ಣೆ. ಒಟ್ಟು ಹದಿಮೂರೂವರೆ ಕಿಲೊ! ಬಸ್ಸಿನಲ್ಲಿ ಬಂದ ಅಜ್ಜಿ ಇದನ್ನು ಹೇಗೆ ಒಯ್ಯಬೇಕು? ಎರಡು ಚೀಲಕ್ಕೆ ಭಾಗ ಮಾಡಿ, ಇಲ್ಲವೇ ವಾರದ ಎರಡೂ ದಿನಗಳಿಗೆ ಹಂಚಿ. ಪೂರ್ತಿ ವಾರದ ಆಹಾರ ಕೊಡಲು ನಿಮ್ಮಿಂದಾಗದಿದ್ದರೆ ‘ಇದು ಮೂರು ದಿನಕ್ಕೆ’ ಎಂದು ಬಾಯಿಬಿಟ್ಟು ಹೇಳಿ, ಅವರು ಉಳಿದ ದಿನಗಳಿಗೆ ಬೇರೆ ದಾರಿ ನೋಡಿಕೊಳ್ಳುತ್ತಾರೆ.

ಸಂಗ್ರಹದಲ್ಲಿ ಮೊದಲು ಬಂದದ್ದು ಮೊದಲು ಹೋಗಲಿ ಎಂಬ ನಿಯಮಕ್ಕಿಂತ ಮೊದಲು ಅವಧಿ ಮುಗಿಯುವುದು ಮೊದಲು ಹೋಗಲಿ ಎಂಬುದು ಮೇಲು. ‘ಈ ದಿನದೊಳಗೆ ಬಳಸಿ’ ಎಂದಿದ್ದರೆ ಆ ದಿನಾಂಕ ದಾಟಿದ ಮೇಲೆ ಕೊಡಬಾರದು. ‘ಈ ದಿನದವರೆಗೆ ಉತ್ತಮ’ ಎಂದಿದ್ದರೆ ಅದು ರುಚಿ ಮತ್ತು ಗುಣಮಟ್ಟದ ಮಾತು, ಒಣ ಸಾಮಾನು ಅದರ ನಂತರವೂ ಚೆನ್ನಾಗಿರಬಹುದು. ಆದರೂ ಅಂಥದ್ದನ್ನು ಕೊಡುವ ಮುನ್ನ ನಿಮ್ಮಲ್ಲಿನ ಕಾನೂನು ಏನೆನ್ನುತ್ತದೆ ನೋಡಿಕೊಳ್ಳಿ. ಶಿಶುಗಳ ಹಾಲಿನ ಪುಡಿಗೆ ಮಾತ್ರ ಈ ವಿನಾಯಿತಿ ಸಲ್ಲದು, ಅವಧಿ ಮುಗಿದದ್ದನ್ನು ಎಸೆಯಿರಿ. ಉಬ್ಬಿದ, ಸೋರುವ, ಅಂಚಿನ ಬೆಸುಗೆಯ ಮೇಲೆ ತಗ್ಗಾದ ಡಬ್ಬಿಗಳೂ ಕಸಕ್ಕೆ. ಚೀಲಗಳು ನೆಲದಿಂದ 15 ಸೆಂಟಿಮೀಟರ್ ಮೇಲಿರಲಿ, ಗೋಡೆಗೆ ತಾಗದಿರಲಿ. ಇಲಿ ಓಡಾಡಿದ ಗುರುತು ಕಾಣುವುದು ಆ ಸಂದಿಯಲ್ಲೇ.

ಉಳಿದ ಅಡುಗೆಯ ಬಗ್ಗೆ ಕೇಳಿದ್ದೀರಿ. ತರಬಹುದು, ಆದರೆ ಇದು ಬೇರೆಯದೇ ಕೆಲಸ, ಚೀಲ ಹಂಚಿದ ಅನುಭವ ಇಲ್ಲಿ ಸಾಲದು. ಬೇಯಿಸಿದ ಆಹಾರ ಒಂದೋ 60 ಡಿಗ್ರಿ ಸೆಲ್ಸಿಯಸ್‌ಗಿಂತ ಬಿಸಿ ಇರಬೇಕು, ಇಲ್ಲವೇ 5 ಡಿಗ್ರಿಗಿಂತ ತಣ್ಣಗಿರಬೇಕು. ನಡುವಿನ ಶಾಖದಲ್ಲಿ ಎರಡು ಗಂಟೆ ಮೀರಿದರೆ, 32 ಡಿಗ್ರಿ ದಾಟಿದ ಸೆಕೆಯಲ್ಲಾದರೆ ಒಂದೇ ಗಂಟೆ ಮೀರಿದರೆ, ಅದನ್ನು ಹಂಚಬಾರದು. ‘ಮತ್ತೆ ಚೆನ್ನಾಗಿ ಕುದಿಸಿದೆವು’ ಎಂಬ ಸಮಾಧಾನ ಇಲ್ಲಿ ನಡೆಯದು. ಅನ್ನದಲ್ಲಿ ಬೆಳೆಯುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಕುದಿಯನ್ನೂ ತಾಳಿಕೊಳ್ಳುತ್ತವೆ, ಅದು ಬಿಟ್ಟ ವಾಂತಿ ತರಿಸುವ ವಿಷ ಮರಳಿ ಕಾಯಿಸಿದರೂ ಹೋಗುವುದಿಲ್ಲ. ದೊಡ್ಡ ಪಾತ್ರೆಯ ದಪ್ಪ ಅಡುಗೆಯಲ್ಲಿ ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಕಾಟ: ಮೇಲೆ ತಣ್ಣಗೆನಿಸಿದರೂ ನಡುವೆ ಗಂಟೆಗಟ್ಟಲೆ ಬೆಚ್ಚಗಿರುತ್ತದೆ, ಅಲ್ಲಿ ಅದು ಹುಲುಸಾಗಿ ಬೆಳೆಯುತ್ತದೆ. ವಾಸನೆ ನೋಡಿ ತೀರ್ಮಾನಿಸುವುದಂತೂ ಬೇಡವೇ ಬೇಡ. ಹಳಸಿದ್ದು ಮೂಗಿಗೆ ತಿಳಿದೀತು, ಈ ವಿಷ ತಿಳಿಯದು.

ಆದ್ದರಿಂದ ಚುಚ್ಚಿ ನೋಡುವ ಥರ್ಮಾಮೀಟರ್ ಇಲ್ಲದೆ ಈ ಕೆಲಸಕ್ಕೆ ಇಳಿಯಬೇಡಿ. ಪುಡಿ ಐಸು ತುಂಬಿದ ನೀರಿನಲ್ಲಿ ಅದ್ದಿದಾಗ ಅದು 0 ತೋರಿಸಬೇಕು, ವಾರಕ್ಕೊಮ್ಮೆ ಹೀಗೆ ಪರೀಕ್ಷಿಸಿ. ಸಮಾರಂಭ ಮುಗಿದ ಮೇಲೆ ಕರೆ ಬಂದರೆ ತಡವಾದಂತೆಯೇ, ಅಡುಗೆಯವರೊಡನೆ ಹಿಂದಿನ ದಿನವೇ ಮಾತಾಡಿ. ಬಡಿಸಲು ಹೊರಗಿಟ್ಟದ್ದು ಬೇಡ, ಅಡುಗೆಮನೆಯಲ್ಲೇ ಮುಚ್ಚಿಟ್ಟ ಪಾತ್ರೆಯದ್ದು ಮಾತ್ರ. ಒಲೆಯಿಂದ ಇಳಿಸಿದ್ದು ಎಷ್ಟು ಗಂಟೆಗೆ, ಒಳಗಿನ ಶಾಖ ಎಷ್ಟು, ಹಾಲು, ಕಡಲೆಕಾಯಿ, ಗೋಧಿ, ಮೊಟ್ಟೆ, ಮೀನು ಏನಾದರೂ ಸೇರಿದೆಯೇ, ಇಷ್ಟನ್ನು ಪಾತ್ರೆಗೆ ಅಂಟಿಸಿದ ಚೀಟಿಯಲ್ಲಿ ಬರೆಯಿರಿ. ಶಾಖ ಹಿಡಿದಿಡುವ ಡಬ್ಬಕ್ಕೆ ಮೊದಲು ಕುದಿನೀರು ಸುರಿದು ಹತ್ತು ನಿಮಿಷ ಮುಚ್ಚಿಟ್ಟು, ಚೆಲ್ಲಿ, ನಂತರ ಆಹಾರ ತುಂಬಿ. ತಣ್ಣನೆಯ ಡಬ್ಬವೇ ಆಹಾರದ ಬಿಸಿಯನ್ನು ಎಳೆದುಕೊಳ್ಳುತ್ತದೆ. ಒಬ್ಬರ ಊಟಕ್ಕೆ 400ರಿಂದ 500 ಗ್ರಾಂ ಎಂದರೆ 20 ಕಿಲೊ 40–50 ಜನರಿಗೆ ಆಗುತ್ತದೆ. ಅಷ್ಟು ಜನ ಎಲ್ಲಿದ್ದಾರೆಂದು ಮೊದಲೇ ಗೊತ್ತಿಲ್ಲದಿದ್ದರೆ ಬೇಡ ಎನ್ನುವುದೇ ಸರಿ. ನಾಳೆಗೆ ಇಡಲೇಬೇಕಾದರೆ 5 ಸೆಂಟಿಮೀಟರ್ ಆಳ ಮೀರದ ಟ್ರೇಗಳಲ್ಲಿ ಹರಡಿ, ಎರಡು ಗಂಟೆಯೊಳಗೆ 21 ಡಿಗ್ರಿಗೆ, ಮುಂದಿನ ನಾಲ್ಕು ಗಂಟೆಯೊಳಗೆ 5 ಡಿಗ್ರಿಗೆ ಇಳಿಸಿ. ಮರುದಿನ ನಡುಭಾಗ 75 ಡಿಗ್ರಿ ಮುಟ್ಟುವಂತೆ ಒಂದೇ ಸಲ ಕಾಯಿಸಿ. ನಿಮ್ಮ 12 ಮಂದಿಯಲ್ಲಿ ಇದಕ್ಕೆಂದೇ ಮೂವರು ಸಿಗುವವರೆಗೆ ಅಡುಗೆಯ ಯೋಚನೆ ಮುಂದೂಡಿ ಎನ್ನುವುದು ನಮ್ಮ ಸಲಹೆ.

ಯಾರಿಗಾದರೂ ಹೊಟ್ಟೆ ಕೆಟ್ಟರೆ ಹೊಣೆ ಯಾರದು ಎಂದು ದಾನಿಗಳೂ ಹೆದರುತ್ತಾರೆ. ಅಮೆರಿಕದಲ್ಲಿ 1996ರ ಕಾಯ್ದೆ ಸದುದ್ದೇಶದ ದಾನಿಗಳಿಗೆ ರಕ್ಷಣೆ ಕೊಡುತ್ತದೆ. ಫ್ರಾನ್ಸ್‌ನಲ್ಲಿ 2016ರ ಕಾನೂನಿನಂತೆ 400 ಚದರ ಮೀಟರ್‌ಗಿಂತ ದೊಡ್ಡ ಮಳಿಗೆಗಳು ದಾನದ ಒಪ್ಪಂದ ಮಾಡಿಕೊಳ್ಳಬೇಕು. ಭಾರತದಲ್ಲಿ ಹೆಚ್ಚುವರಿ ಆಹಾರದ ಸಂಗ್ರಹ–ಹಂಚಿಕೆಗೆ 2019ರ ನಿಯಮಾವಳಿ ಇದೆ. ನಿಮಗೆ ಅನ್ವಯಿಸುವುದನ್ನು ಓದಿಕೊಂಡು, ಒಂದು ಪುಟದ ಒಪ್ಪಂದ ಬರೆದುಕೊಳ್ಳಿ.

ಪತ್ರದಲ್ಲಿ ನೀವು ಕೇಳದ ಒಂದು ವಿಷಯವೂ ಇದೆ. ನಮ್ಮ ದೃಷ್ಟಿಯಲ್ಲಿ ಅದೇ ಎಲ್ಲಕ್ಕಿಂತ ದೊಡ್ಡದು. ಫೀಡಿಂಗ್ ಅಮೆರಿಕ ತಾನೇ ಹೇಳಿಕೊಳ್ಳುವಂತೆ, ಅದರ ಜಾಲ ಒಂದು ಊಟ ಒದಗಿಸುವಲ್ಲಿ ಅಲ್ಲಿನ ಸರ್ಕಾರದ ಆಹಾರ ನೆರವು ಒಂಬತ್ತು ಊಟ ಒದಗಿಸುತ್ತದೆ. ಅಂದರೆ ಸರ್ಕಾರಿ ನೆರವಿಗೆ ಅರ್ಹತೆಯಿದ್ದೂ ಹೊರಗುಳಿದ ಒಂದು ಮನೆಯನ್ನು ಅದಕ್ಕೆ ಸೇರಿಸಿದರೆ ನೀವು ತಿಂಗಳುಗಟ್ಟಲೆ ಕೊಡುವ ಚೀಲಕ್ಕಿಂತ ಹೆಚ್ಚಿನದನ್ನು ಕೊಟ್ಟಂತೆ. ಮೂರನೆಯದೊಂದು ಮೇಜು ಹಾಕಿ, ಅಲ್ಲಿ ಅರ್ಜಿ ತುಂಬಿಸಬಲ್ಲ ಒಬ್ಬರನ್ನು ಕೂರಿಸಿ. ದಾಖಲೆಗಳ ಮಾತು ಬರಬೇಕಾದದ್ದು ಈ ಮೇಜಿನಲ್ಲಿ, ಅದೂ ಅವರು ತಾವಾಗಿ ಬಯಸಿದರೆ. ಎಷ್ಟೋ ಅರ್ಜಿಗಳು ಬೀಳುವುದು ಅರ್ಹತೆಯ ಪ್ರಶ್ನೆಯಲ್ಲಲ್ಲ, ಸಣ್ಣಪುಟ್ಟದರಲ್ಲಿ: ಎರಡು ದಾಖಲೆಗಳಲ್ಲಿ ಹೆಸರಿನ ಕಾಗುಣಿತ ಬೇರೆ, ಬಳಕೆಯಲ್ಲಿಲ್ಲದ ಫೋನ್ ಸಂಖ್ಯೆ, ಹಳೆಯ ವಿಳಾಸ, ನವೀಕರಣದ ದಿನ ದಾಟಿದ್ದು, ಬೆರಳಚ್ಚು ಹೊಂದದ್ದು. ಅರ್ಜಿ ಕೊಟ್ಟ ದಿನ, ಸ್ವೀಕೃತಿ ಸಂಖ್ಯೆ, ತಿರಸ್ಕಾರದ ಕಾರಣ, ಮೇಲ್ಮನವಿಗೆ ಕೊನೆಯ ದಿನ, ಈ ನಾಲ್ಕನ್ನು ಬರೆದ ಹಾಳೆ ಅರ್ಜಿದಾರರ ಕೈಯಲ್ಲಿರಲಿ. ತಿರಸ್ಕಾರವನ್ನು ಬಾಯಿಮಾತಿನಲ್ಲಿ ಒಪ್ಪಿಕೊಳ್ಳಬೇಡಿ, ಲಿಖಿತವಾಗಿ ಕೇಳಿ. ಬರಹವಿಲ್ಲದಿದ್ದರೆ ಮೇಲ್ಮನವಿಗೆ ಆಧಾರವೇ ಇರುವುದಿಲ್ಲ. ಶಾಲೆಯಲ್ಲಿ ಊಟ ಸಿಗುವ ಕಡೆ ರಜೆಯಲ್ಲಿ ಮಕ್ಕಳ ಹಸಿವು ಏರುತ್ತದೆ, ಆ ವಾರಗಳಿಗೆ ದಾಸ್ತಾನು ಮುಂಚಿತವಾಗಿಯೇ ಕೂಡಿಟ್ಟುಕೊಳ್ಳಿ.

ಬಾರದವರನ್ನು ತಲುಪಲು ಪ್ರಚಾರಪತ್ರಕ್ಕಿಂತ ಅವರು ನಂಬುವ ಬಾಯಿ ಮುಖ್ಯ: ಶಿಕ್ಷಕಿ, ದಾದಿ, ಮನೆಗೆಲಸದವರ ಗುಂಪಿನ ಹಿರಿಯಳು. ಬೋರ್ಡಿನಲ್ಲಿ ‘ಬಡವರಿಗೆ ಉಚಿತ’ ಎಂದು ಬರೆದಿದ್ದರೆ ಅಳಿಸಿ, ‘ಯಾರು ಬೇಕಾದರೂ ಬರಬಹುದು, ಯಾವ ದಾಖಲೆಯೂ ಬೇಡ’ ಎಂದು ಬರೆಯಿರಿ, ಕೆಳಗೆ ಸಮಯ. ನಿಮ್ಮಲ್ಲಿ ಎರಡು–ಮೂರು ಭಾಷೆಯವರಿದ್ದರೆ ಅಷ್ಟೂ ಭಾಷೆಯಲ್ಲಿ.

ಫೋಟೊ ಬೇಡ. ಮುಖ ಕಾಣದಂತೆ ತೆಗೆದದ್ದೂ ಬೇಡ, ಬಟ್ಟೆ ನೋಡಿ ಗುರುತು ಹಿಡಿಯುವವರು ನೆರೆಯಲ್ಲೇ ಇರುತ್ತಾರೆ. ದಾನಿಗಳಿಗೆ ತಿಂಗಳಿಗೊಂದು ಹಾಳೆ ಕಳಿಸಿ: ಮೊದಲ ಸಲ ಬಂದ ಮನೆಗಳೆಷ್ಟು, ಬರಿಗೈಯಲ್ಲಿ ಮರಳಿದವರೆಷ್ಟು, ಸರಾಸರಿ ಎಷ್ಟು ನಿಮಿಷ ಕಾಯಿಸಿದೆವು, ಯಾವ ವಸ್ತು ಉಳಿಯಿತು, ಯಾವುದು ಸಾಲದೆ ಹೋಯಿತು, ಎಷ್ಟು ಅರ್ಜಿ ಮಂಜೂರಾದವು. ಹಂಚಿದ ಕಿಲೊ ಲೆಕ್ಕವನ್ನು ಕೊನೆಗೆ ಹಾಕಿ. ಜೊತೆಗೆ ಮುಂದಿನ ತಿಂಗಳಿಗೆ ಬೇಕಾದ ಮೂರೇ ಮೂರು ವಸ್ತುಗಳ ಹೆಸರು ಬರೆಯಿರಿ. ‘ಏನಾದರೂ ಕೊಡಿ’ ಎಂದವರಿಗೆ ಮನೆಯಲ್ಲಿ ಬೇಡವಾದದ್ದೇ ಬರುತ್ತದೆ.